ರಾತ್ರಿ ಹತ್ತರ ಮೇಲೆ: ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಕ್ರೈಂ ಫೋಟೊ ತೆಗೆಯುವ ರೀತಿ

ಕ್ರೈಂ ಫೋಟೊ ಅಂದ ಕೂಡಲೇ ಹೊಸಬರ ಕಣ್ಣ ಮುಂದೆ ಬರುವುದು ಹೆಣ, ರಕ್ತ, ಮಚ್ಚು. ಈ ಮೂರನ್ನೂ ಮರ್ಯಾದಸ್ಥ ಪತ್ರಿಕೆ ಅಚ್ಚು ಹಾಕುವುದಿಲ್ಲ. ಡೆಸ್ಕಿನವರಿಗೆ, ಅಂದರೆ ಕಚೇರಿಯಲ್ಲಿ ಪುಟ ಕಟ್ಟುವವರಿಗೆ, ಬೇಕಾದದ್ದೇ ಬೇರೆ. ಘಟನೆ ಎಲ್ಲಿ ಆಯಿತು, ಈಗ ಅಲ್ಲಿ ಏನು ನಡೆದಿದೆ, ಓಣಿಯ ಜನ ಹೇಗಿದ್ದಾರೆ, ಇಷ್ಟು ಒಂದೇ ಫ್ರೇಮಿನಲ್ಲಿ ಸಿಗಬೇಕು. ಮಕ್ಕಳ ಮುಂದೆ ಬಿಚ್ಚಿಡುವ ಹಾಳೆಯಲ್ಲಿ ಅದು ಇರುವಂತಿರಬೇಕು, ನಾಳೆ ಕೇಸು ಕೋರ್ಟಿಗೆ ಹೋದಾಗ ಯಾರಿಗೂ ಅಡ್ಡಿಯಾಗಬಾರದು. ಮುಂದೆ ಬರೆದಿರುವುದೆಲ್ಲ ಇಂಥ ಚಿತ್ರ ಹುಟ್ಟಿಸುವ ಕೆಲಸದ ವಿವರ. ಹುಬ್ಬಳ್ಳಿ-ಧಾರವಾಡದ ಲೆಕ್ಕದಲ್ಲಿ ಬರೆದಿದ್ದೇನೆ, ಗದಗ-ಹಾವೇರಿಗೂ ಬಹುಪಾಲು ಇದೇ ಹೊಂದುತ್ತದೆ.

ಮೊದಲು ಸುದ್ದಿ ಬರುವ ದಾರಿ. ನ್ಯೂಯಾರ್ಕಿನ ಹೆಸರಾಂತ ಕ್ರೈಂ ಫೋಟೊಗ್ರಾಫರ್ ವೀಜಿ, ಅಂದರೆ ಆರ್ಥರ್ ಫೆಲ್ಲಿಗ್, 1938ರಲ್ಲಿ ತನ್ನ ಕಾರಿನಲ್ಲೇ ಪೊಲೀಸ್ ರೇಡಿಯೊ ಇಟ್ಟುಕೊಳ್ಳಲು ಅನುಮತಿ ಪಡೆದಿದ್ದ. ಡಿಕ್ಕಿಯಲ್ಲಿ ಡಾರ್ಕ್‌ರೂಂ ಇತ್ತು. ನಮ್ಮಲ್ಲಿ ಅದು ಆಗದ ಮಾತು. ಪೊಲೀಸ್ ವೈರ್‌ಲೆಸ್ ಕದ್ದು ಕೇಳುವುದೇ ಅಪರಾಧ. ನಮಗೆ ಸುದ್ದಿ ಬರುವುದು ಆಂಬುಲೆನ್ಸ್ ಚಾಲಕರಿಂದ, ರಾತ್ರಿ ಆಟೊದವರಿಂದ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ, ತಾಲ್ಲೂಕಿನ ಪೇಪರ್ ಏಜೆಂಟರಿಂದ. ವಾಟ್ಸ್‌ಆ್ಯಪ್ ಗುಂಪಿನ ಸುದ್ದಿ ವೇಗದ್ದು, ಅರ್ಧ ಸುಳ್ಳು. ಬೈಕ್ ಕಿಕ್ ಹೊಡೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎಷ್ಟೊತ್ತಿಗೆ ಆಯಿತು? ಯಾವ ಠಾಣೆ ಹದ್ದು? "ಬಾಡಿ ಶಿಫ್ಟ್ ಆತೇನ್ರಿ?" ಮೂರನೆಯದಕ್ಕೆ "ಆತ್ರಿ" ಅಂತ ಉತ್ತರ ಬಂದರೆ ಸ್ಪಾಟಿಗೆ ಓಡುವ ಅವಸರವಿಲ್ಲ, ಆಸ್ಪತ್ರೆಯ ಕಡೆ ತಿರುಗುವುದೋ, ಸ್ಪಾಟಿಗೇ ಹೋಗುವುದೋ ಅನ್ನುವುದನ್ನು ಅಲ್ಲೇ ನಿರ್ಧರಿಸಬಹುದು. ಹದ್ದು ಗೊತ್ತಿರಲೇಬೇಕು. ಉಪನಗರ, ಶಹರ, ಘಂಟಿಕೇರಿ, ಕಸಬಾಪೇಟೆ, ಬೆಂಡಿಗೇರಿ ಠಾಣೆಗಳ ಗಡಿ ಒಂದೊಂದು ಓಣಿಗೆ ಬದಲಾಗುತ್ತದೆ. ಹಳಿಯ ಮೇಲಿನ ಸಾವು ನಗರ ಪೊಲೀಸರದ್ದಲ್ಲ, ರೈಲ್ವೆ ಪೊಲೀಸರದ್ದು. ಹಳಿಗೆ ನಾವು ಇಳಿದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ನಮ್ಮ ಮೇಲೇ ಬೀಳುತ್ತದೆ. ಲೆವೆಲ್ ಕ್ರಾಸಿಂಗ್ ಅಥವಾ ರಸ್ತೆಯ ಸೇತುವೆಯಿಂದ ಉದ್ದ ಲೆನ್ಸಿನಲ್ಲಿ ತೆಗೆದದ್ದು ಸಾಕು.

ಪಿ.ಬಿ. ರಸ್ತೆಯಲ್ಲಿ ಹೋಗುವಾಗ ಬಿಆರ್‌ಟಿಎಸ್ ಅಂದರೆ ಬಸ್ಸಿಗೇ ಮೀಸಲಾದ ಪಥದ ಕಬ್ಬಿಣದ ಗ್ರಿಲ್ ನೆನಪಿರಲಿ. ಘಟನೆ ಎದುರು ಬದಿಗಿದ್ದರೆ ಮುಂದಿನ ಜಂಕ್ಷನ್‌ವರೆಗೆ ತಿರುಗಲು ಆಗುವುದಿಲ್ಲ. ಹಾಗಾಗಿ ಯಾವ ಬದಿ ಅನ್ನುವುದನ್ನೂ ಫೋನಿನಲ್ಲೇ ಕೇಳಿಬಿಡುತ್ತೇನೆ. ಬೈಕನ್ನು ಓಣಿಯೊಳಗೆ ಒಯ್ಯುವುದಿಲ್ಲ. ಓಣಿಯ ಬಾಯಲ್ಲೇ, ಮುಖ ಹೊರಗೆ ಮಾಡಿ ನಿಲ್ಲಿಸುತ್ತೇನೆ. ಒಳಗೆ ಸಿಕ್ಕಿಕೊಂಡರೆ ಬೈಕೂ ಹೋಗುತ್ತದೆ, ಡೆಡ್‌ಲೈನೂ ಹೋಗುತ್ತದೆ.

ಚೀಲದ ವಿಷಯ ಚಿಕ್ಕದು. ಎರಡು ಕ್ಯಾಮೆರಾ ಬಾಡಿ, ಒಂದಕ್ಕೆ 35 ಎಂಎಂ ಅಥವಾ 24-70 ಲೆನ್ಸ್, ಇನ್ನೊಂದಕ್ಕೆ ದೂರದ್ದನ್ನು ಹತ್ತಿರ ತರುವ 70-200. ರಾತ್ರಿ ಲೆನ್ಸ್ ಬದಲಿಸುವ ಕೆಲಸ ಬೇಡ, ಧೂಳು ಸೆನ್ಸರಿಗೆ ಕೂರುತ್ತದೆ. ಒಂದು ಫ್ಲ್ಯಾಶ್, ಅದಕ್ಕೆ ರೀಚಾರ್ಜ್ ಆಗುವ ನಾಲ್ಕು ಸೆಲ್ಲಿನ ಎರಡು ಸೆಟ್. ದೊಡ್ಡ ಕಾರ್ಡ್ ಒಂದರ ಬದಲು 32 ಜಿಬಿಯ ನಾಲ್ಕು. ಫೋನಿಗೆ ಸಿಕ್ಕಿಸುವ ಕಾರ್ಡ್ ರೀಡರ್, ಪವರ್ ಬ್ಯಾಂಕ್, ಸೀರೆ ಅಂಗಡಿಯ ದಪ್ಪ ಪಾಲಿಥಿನ್ ಚೀಲ, ನಾಲ್ಕು ರಬ್ಬರ್‌ಬ್ಯಾಂಡ್. ಧಾರವಾಡದ ಜಿಟಿಜಿಟಿ ಮಳೆಗೆ ಈ ಚೀಲ ಸಾಕು. ತಳಕ್ಕೆ ತೂತು ಮಾಡಿ ಲೆನ್ಸಿನ ಹುಡ್‌ಗೆ ರಬ್ಬರ್ ಹಾಕಿದರೆ ಆಯಿತು. ಖಾಕಿ ಬಣ್ಣದ ಅಂಗಿ-ಪ್ಯಾಂಟು ಹಾಕುವುದಿಲ್ಲ. ಗಲಾಟೆಯಲ್ಲಿ ಹಿಂದಿನಿಂದ ನೋಡಿದವರಿಗೆ ಪೊಲೀಸನೋ ಫೋಟೊಗ್ರಾಫರನೋ ತಿಳಿಯುವುದಿಲ್ಲ.

ಕ್ಯಾಮೆರಾದ ಗಡಿಯಾರವನ್ನು ವಾರಕ್ಕೊಮ್ಮೆ ಫೋನಿನ ಸಮಯಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಸರಿಮಾಡುತ್ತೇನೆ. ಸಿಸಿಟಿವಿ, ಮೊಬೈಲ್ ಕರೆ ವಿವರ, ನಮ್ಮ ಫೋಟೊ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ದಿನ ಬರಬಹುದು. ಐದು ನಿಮಿಷ ಮುಂದಿರುವ ಗಡಿಯಾರ ಆರೋಪಿ ಪರ ವಕೀಲರಿಗೆ ಹಬ್ಬ.

ಈಗ ಬೆಳಕು. ಈ ಕೆಲಸದಲ್ಲಿ ಹೆಚ್ಚು ಚಿತ್ರ ಕೆಡುವುದು ಇಲ್ಲೇ.

ಬೀದಿ ದೀಪ ಈಗ ಬಹುತೇಕ ಎಲ್‌ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ ಸೆಕೆಂಡಿನ 1/500 ಇಟ್ಟರೆ ಒಂದು ಫ್ರೇಮ್ ಬೆಳಗಿರುತ್ತದೆ, ಮುಂದಿನದು ಕಪ್ಪಾಗಿರುತ್ತದೆ, ಮೂರನೆಯದಕ್ಕೆ ಅಡ್ಡ ಪಟ್ಟೆ. 1/100 ಅಥವಾ 1/50 ಇಟ್ಟರೆ ಪೂರ್ತಿ ಏರಿಳಿತ ಒಳಗೆ ಬರುತ್ತದೆ, ಪಟ್ಟೆ ಹೋಗುತ್ತದೆ. ನಿಂತ ಪೊಲೀಸರಿಗೆ, ಮಹಜರು ಬರೆಯುತ್ತ ಕೂತವರಿಗೆ ಎಫ್/2.8 (ಲೆನ್ಸಿನ ಕಿಂಡಿಯ ಅಳತೆ), 1/100, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ರಿಂದ 6400 ಸಾಕು. ಮಿರರ್‌ಲೆಸ್‌ನ ಸದ್ದಿಲ್ಲದ ಶಟರ್ ಶವಾಗಾರದ ಹತ್ತಿರ ಒಳ್ಳೆಯದು, ಆದರೆ ಅದೇ ಎಲೆಕ್ಟ್ರಾನಿಕ್ ಶಟರ್ ಎಲ್‌ಇಡಿ ಕೆಳಗೆ ಅತಿ ಹೆಚ್ಚು ಪಟ್ಟೆ ಹೊಡೆಯುತ್ತದೆ. ಸದ್ದು ಬೇಕೋ ಪಟ್ಟೆ ಬೇಕೋ ಅಂತ ಆಯ್ಕೆ ಬಂದರೆ 1/50ಕ್ಕೆ ಇಳಿದು, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಒತ್ತುತ್ತೇನೆ. ಪೊಲೀಸ್ ಜೀಪಿನ ಕೆಂಪು-ನೀಲಿ ದೀಪ ಒಂದೊಂದೇ ಬಣ್ಣ ಮಿಟುಕಿಸುವುದರಿಂದ ಎಂಟು-ಹತ್ತು ಫ್ರೇಮ್ ಸರಣಿಯಾಗಿ ತೆಗೆದರೆ ಎರಡೂ ಬಣ್ಣ ಹತ್ತಿದ ಒಂದು ಸಿಗುತ್ತದೆ.

ಫ್ಲ್ಯಾಶಿನ ದೊಡ್ಡ ಶತ್ರು ಪ್ರತಿಫಲಕ ಪಟ್ಟಿ. ಪೊಲೀಸರ ಜಾಕೆಟ್, ಬ್ಯಾರಿಕೇಡಿನ ಸ್ಟಿಕ್ಕರ್, ಗಾಡಿಯ ನಂಬರ್ ಪ್ಲೇಟ್ ಎಲ್ಲವೂ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಎಸೆಯುತ್ತವೆ. ಫ್ಲ್ಯಾಶ್ ಕ್ಯಾಮೆರಾದ ಮೇಲೆ ಕೂತಿದ್ದರೆ ಆ ಬೆಳಕು ನೇರ ಲೆನ್ಸಿಗೇ ಬರುತ್ತದೆ. ಪೇದೆಯ ಎದೆಯ ಮೇಲೆ ಎರಡು ಬಿಳಿ ಗೆರೆ ಉರಿಯುತ್ತವೆ, ಮುಖ ಕಪ್ಪಾಗುತ್ತದೆ. ಪವರ್ ಇಳಿಸಿದರೂ ಇದು ಹೋಗುವುದಿಲ್ಲ, ಯಾಕೆಂದರೆ ಮುಖವೂ ಅಷ್ಟೇ ಮಟ್ಟಿಗೆ ಕಪ್ಪಾಗುತ್ತದೆ. ಮದ್ದು ಒಂದೇ. ವೈರ್ ಅಥವಾ ರೇಡಿಯೊ ಟ್ರಿಗರ್ ಹಾಕಿ ಫ್ಲ್ಯಾಶನ್ನು ಎಡಗೈಯಲ್ಲಿ ಪೂರ್ತಿ ಚಾಚಿ ಮೇಲೆ ಹಿಡಿಯುವುದು. ಆಗ ಪಟ್ಟಿ ತನ್ನ ಬೆಳಕನ್ನು ಕೈಯತ್ತ ಎಸೆಯುತ್ತದೆ, ಲೆನ್ಸಿಗೆ ಬರುವುದು ಬಹಳ ಕಡಿಮೆ. ಮುಖಕ್ಕೆ ಪಕ್ಕದ ನೆರಳೂ ಬಂದು ಚಿತ್ರ ಚಪ್ಪಟೆಯಾಗುವುದು ತಪ್ಪುತ್ತದೆ.

ಕತ್ತಲಲ್ಲಿ ಆಟೊಫೋಕಸ್ ತಡಕಾಡುವಾಗ ವೀಜಿಯ ಪದ್ಧತಿ ಇಂದಿಗೂ ಕೆಲಸ ಮಾಡುತ್ತದೆ. ಅವನು ಫೋಕಸ್ಸನ್ನು 10 ಅಡಿಗೆ ಕಟ್ಟಿಹಾಕಿ, ಎಫ್/16, 1/200 ಇಟ್ಟು, ಫ್ಲ್ಯಾಶ್ ಬಲ್ಬ್ ಹೊಡೆಯುತ್ತಿದ್ದ. ಈಗಿನ ಲೆಕ್ಕ ಹೀಗೆ: ಫುಲ್‌ಫ್ರೇಮ್ ಬಾಡಿಗೆ 35 ಎಂಎಂ, ಎಫ್/8, ಫೋಕಸ್ 10 ಅಡಿಗೆ ಇಟ್ಟು ರಿಂಗಿಗೆ ಟೇಪು ಅಂಟಿಸಿದರೆ ಸುಮಾರು ಆರೂವರೆ ಅಡಿಯಿಂದ 23 ಅಡಿವರೆಗೆ ಎಲ್ಲ ಸ್ಪಷ್ಟ. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ, ಮೀಟರ್ ಲೆಕ್ಕದಲ್ಲಿ) 36 ಇರುವ ಫ್ಲ್ಯಾಶನ್ನು ಐಎಸ್‌ಒ 800ರಲ್ಲಿ 1/16 ಪವರ್‌ಗೆ ಇಟ್ಟರೆ 10 ಅಡಿ ದೂರಕ್ಕೆ ಸರಿಯಾದ ಬೆಳಕು. ಪೂರ್ತಿ ಪವರ್ ಅಲ್ಲದ್ದರಿಂದ ಕ್ಷಣದಲ್ಲಿ ಮತ್ತೆ ಸಿದ್ಧವಾಗುತ್ತದೆ, ಸೆಲ್ಲೂ ರಾತ್ರಿ ಪೂರ್ತಿ ಬರುತ್ತದೆ. 20 ಅಡಿಯಲ್ಲಿ ನಿಂತವರಿಗೆ ಬೆಳಕು ಕಾಲುಭಾಗಕ್ಕೆ ಇಳಿದಿರುತ್ತದೆ ಅನ್ನುವುದು ಮರೆಯಬಾರದು. ಮುಂದೆ ಮೂರು ಅಡಿಗೆ ಯಾರಾದರೂ ಅಡ್ಡ ಬಂದರೆ ಅವರ ಮುಖ ಸುಣ್ಣ ಬಳಿದಂತೆ ಬರುತ್ತದೆ. ಹತ್ತು ಅಡಿ ಎಷ್ಟೆಂದು ಕಾಲಿಗೆ ಗೊತ್ತಿರಬೇಕು. ಮನೆಯ ಪಡಸಾಲೆಯಲ್ಲಿ ಟೇಪು ಹಿಡಿದು ಅಭ್ಯಾಸ ಮಾಡಬಹುದು.

ವೀಜಿಯಿಂದ ಕಲಿಯಬೇಕಾದ ಇನ್ನೊಂದು, ಕ್ಯಾಮೆರಾವನ್ನು ಹೆಣದ ಕಡೆಯಿಂದ ನೋಡುವವರ ಕಡೆ ತಿರುಗಿಸುವುದು. ಸ್ಪಾಟಿಗೆ ಬೆನ್ನು ಮಾಡಿ ನಿಂತರೆ ಕಟ್ಟೆಯ ಮೇಲೆ ಹತ್ತಿದ ಹುಡುಗರು, ಸೆರಗು ಬಾಯಿಗೆ ಒತ್ತಿಕೊಂಡ ಹೆಂಗಸರು, ಅರ್ಧ ಎತ್ತಿದ ಶಟರಿನ ಕೆಳಗಿಂದ ಬಗ್ಗಿ ನೋಡುವ ಅಂಗಡಿಯವರು ಕಾಣುತ್ತಾರೆ. ಅಚ್ಚಾಗುವ ಚಿತ್ರ ಹತ್ತರಲ್ಲಿ ಆರು ಸಲ ಅಲ್ಲೇ ಇರುತ್ತದೆ. ಒಂದು ಎಚ್ಚರಿಕೆ: ಆ ಗುಂಪಿನಲ್ಲಿ ಪ್ರತ್ಯಕ್ಷ ಸಾಕ್ಷಿಯೂ ಇರಬಹುದು. ಪೊಲೀಸರು ಪಕ್ಕಕ್ಕೆ ಕರೆದು ಮಾತಾಡಿಸುತ್ತಿರುವವರ ಮುಖವನ್ನು ನಾನು ಹತ್ತಿರದಿಂದ ತೆಗೆಯುವುದಿಲ್ಲ.

ಸ್ಪಾಟಿನ ನಿಯಮ ಸರಳ, ಪಾಲಿಸುವವರು ಕಡಿಮೆ. ಟೇಪು ಕಟ್ಟಿರಲಿ ಬಿಡಲಿ, ಮೊದಲ ಪೊಲೀಸ್ ನಿಂತ ಗೆರೆಯೇ ಗಡಿ. ಹೋದ ಹೆಜ್ಜೆಯಲ್ಲೇ ಹಿಂದಕ್ಕೆ ಬರಬೇಕು. ಶ್ವಾನದಳ ಬರುವ ಮುಂಚೆ ಅಡ್ಡಾದಿಡ್ಡಿ ತಿರುಗಿದರೆ ನಾಯಿ ಹಿಡಿಯಬೇಕಾದ ವಾಸನೆಯ ಜಾಡು ಕಲಸಿಹೋಗುತ್ತದೆ. ಗುಟ್ಕಾ ಉಗುಳುವುದು, ಬೀಡಿ ತುಂಡು ಎಸೆಯುವುದು ಅಂತೂ ಬೇಡವೇ ಬೇಡ, ನಾಳೆ ಅದೇ ಸಾಕ್ಷ್ಯದ ಪೊಟ್ಟಣ ಸೇರೀತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಕಲೆಹಾಕಬೇಕು, ಅದರ ವಿಡಿಯೊ ಆಗಬೇಕು. ರಾಜ್ಯಗಳಿಗೆ ಇದನ್ನು ಜಾರಿ ಮಾಡಲು ಐದು ವರ್ಷದ ಅವಕಾಶವಿದೆ. ಹೀಗಾಗಿ ಟೇಪು ಮುಂಚಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಅವಸರ ಮಾಡದೆ ಕಾದರೆ ಅಂಕಿ ಬರೆದ ಗುರುತಿನ ಫಲಕ, ಮಂಡಿಯೂರಿ ಕೂತ ಬೆರಳಚ್ಚು ತಜ್ಞರು, ಟಾರ್ಚಿನ ಬೆಳಕು ಎಲ್ಲ 70-200ರಲ್ಲಿ ಹೊರಗಿನಿಂದಲೇ ಸಿಗುತ್ತವೆ. ಹೆಣಕ್ಕಿಂತ ಇದು ಎಷ್ಟೋ ಗಟ್ಟಿ ಚಿತ್ರ.

ಕಟ್ಟಡ ಕುಸಿತದಂಥ ಕಡೆ ಇನ್ನೂ ಒಂದು ಮಾತು ಸೇರಿಸಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಮಂದಿ ಸತ್ತರು. ರಕ್ಷಣಾ ಕಾರ್ಯ ದಿನಗಟ್ಟಲೆ ನಡೆಯಿತು. ಇಂಥಲ್ಲಿ ರಕ್ಷಣಾ ತಂಡ ಅವಶೇಷದಡಿಯ ದನಿ ಕೇಳಲು ಎಲ್ಲರನ್ನೂ ಸುಮ್ಮನಿರಿಸುತ್ತದೆ. ಆಗ ಶಟರ್, ಫೋನ್, ಮಾತು ಎಲ್ಲ ಬಂದ್.

ಬೈಪಾಸಿನ ಅಪಘಾತದಲ್ಲಿ ಕ್ಯಾಮೆರಾಕ್ಕಿಂತ ಮುಂಚೆ ಪ್ರತಿಫಲಕ ಜಾಕೆಟ್ ಹೊರಗೆ ಬರಬೇಕು. ಗಬ್ಬೂರಿನಿಂದ ನರೇಂದ್ರದವರೆಗಿನ ಈ ರಸ್ತೆ ವರ್ಷಗಟ್ಟಲೆ ಎರಡೇ ಪಥದ್ದಾಗಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಮಹಿಳೆಯರಿದ್ದ ವಾಹನಕ್ಕೆ ಆದ ಅಪಘಾತ ಇಡೀ ದೇಶದ ಸುದ್ದಿಯಾಯಿತು. ಗಾಡಿಯನ್ನು ಅಪಘಾತ ದಾಟಿ ಮುಂದೆ, ರಸ್ತೆಯಿಂದ ಕೆಳಗೆ ಇಳಿಸಿ ನಿಲ್ಲಿಸುತ್ತೇನೆ. ಬರುವ ಲಾರಿಗಳಿಗೆ ಬೆನ್ನು ಹಾಕಿ ವ್ಯೂಫೈಂಡರಿಗೆ ಕಣ್ಣು ಇಡುವುದಿಲ್ಲ. ಎದುರಿನ ಹೆಡ್‌ಲೈಟಿಗೆ ಅಳತೆ ಮಾಡಿ ತೆಗೆದರೆ ನುಜ್ಜಾದ ಗಾಡಿ, ಜನ ಕಪ್ಪು ಆಕೃತಿಯಾಗಿ ಬರುತ್ತಾರೆ. ಗಾಯಾಳುವಿನ ಗುರುತೂ ಸಿಗುವುದಿಲ್ಲ, ಘಟನೆಯ ತೂಕವೂ ಉಳಿಯುತ್ತದೆ.

ಕಲ್ಲುತೂರಾಟಕ್ಕೆ ಲೆಕ್ಕ ಬೇರೆ. ಅಲ್ಲಿ 1/800ಕ್ಕಿಂತ ಕಡಿಮೆ ಇಟ್ಟರೆ ಎತ್ತಿದ ಕೈ ಮಸುಕಾಗುತ್ತದೆ. ಪಟ್ಟೆ ಬಂದರೆ ಬರಲಿ. ಪೊಲೀಸ್ ಸಾಲಿನ ಪಕ್ಕದ ಹಿಂಬದಿಗೆ, ಬೆನ್ನಿಗೆ ಗೋಡೆ, ಕೈಗೆ ಹತ್ತಿರ ಒಂದು ಓಣಿ ಇರುವ ಹಾಗೆ ನಿಲ್ಲುತ್ತೇನೆ. ಎರಡು ಗುಂಪಿನ ನಡುವೆ ಒಂದೇ ಒಂದು ಫ್ರೇಮಿಗೂ ಹೋಗುವುದಿಲ್ಲ. ಓಣಿ ಆಚೆ ತೆರೆದಿದೆಯೋ ಅನ್ನುವುದು ಮೊದಲೇ ಗೊತ್ತಿರಬೇಕು, ಹಳೇ ಹುಬ್ಬಳ್ಳಿಯಲ್ಲಿ ಎಷ್ಟೋ ಓಣಿ ಯಾರದೋ ಮನೆಯ ಅಂಗಳದಲ್ಲಿ ಮುಗಿಯುತ್ತವೆ. ಅಶ್ರುವಾಯು ಬಿಟ್ಟರೆ ಗಾಳಿ ಬೀಸಿ ಬರುವ ಕಡೆಗೆ ಸರಿದು ನಿಲ್ಲಬೇಕು, ಕಣ್ಣು ಉಜ್ಜಬಾರದು, ಬರೀ ನೀರಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕಕ್ಕೆ ಬರುವುದೇ ವಾಸಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಕುಸಿತಕ್ಕೆ ಸಿಟ್ಟಾದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದಂಥ ಘಟನೆ ಹಗಲಿನದು. ಆದರೆ ಬೆಂಕಿಗೆ ಕ್ಯಾಮೆರಾದ ಅಳತೆ ನಂಬುವಂತಿಲ್ಲ. ಜ್ವಾಲೆ ಸುಡದಂತೆ ಬೆಳಕು ಒಂದೂವರೆ ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ಆಮೇಲೆ ಕ್ಯಾಮೆರಾದ ರಾ, ಅಂದರೆ ಕಚ್ಚಾ ಫೈಲಿನಲ್ಲಿ ನೆರಳು ಎತ್ತುತ್ತೇನೆ. ಮೆಣಸಿನಕಾಯಿ ಘಾಟಿಗೆ ಒದ್ದೆ ಕರ್ಚೀಫು.

ಕೊಲೆಯಾದ ರಾತ್ರಿಗಿಂತ ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ (ಈಗ ಕೆಎಂಸಿಆರ್‌ಐ) ಶವಾಗಾರದ ಮುಂದೆ ಇರುವುದು ಮುಖ್ಯ. ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅವಕಾಶ ಕೊಟ್ಟಿತು, ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನಾಸ್ಪದ ಸಾವುಗಳನ್ನು ಹೊರಗಿಟ್ಟಿದೆ; ಕಾನೂನು ಸುವ್ಯವಸ್ಥೆಯ ಪ್ರಶ್ನೆ ಬಂದರೆ ಮಾತ್ರ ವಿನಾಯಿತಿ. ಅಂದರೆ ರಾತ್ರಿಯ ಕೊಲೆಗೆ ಪರೀಕ್ಷೆ ಸಾಮಾನ್ಯವಾಗಿ ಬೆಳಗ್ಗೆ. ಮನೆಯವರು, ಓಣಿಯವರು, ಮುಖಂಡರು, ಬಂದೋಬಸ್ತು ಎಲ್ಲ ಅಲ್ಲಿಗೇ ಬರುತ್ತದೆ. ನಾನು ಎದುರು ಬದಿಗೆ, ದೂರ ನಿಲ್ಲುತ್ತೇನೆ. ಗುಂಪಿನಲ್ಲಿ ಹಿರಿಯರೊಬ್ಬರನ್ನು ಹುಡುಕಿ ಮೊದಲೇ ಹೇಳುತ್ತೇನೆ: "ಕಾಕಾರ, ಪೇಪರ್‌ನ್ಯಾವ್ರು ಅದೀವ್ರಿ. ದೂರದಿಂದ ಒಂದು ಫೋಟೊ ತಗೋತೀನ್ರಿ, ಯಾರ ಮಾರಿನೂ ಬರೂದಿಲ್ರಿ." "ಬ್ಯಾಡೋ ತಮ್ಮಾ" ಅಂದರೆ ಕ್ಯಾಮೆರಾ ಕೆಳಗೆ. ಹದಿನೈದು ನಿಮಿಷ ಬಿಟ್ಟು ಅವರೇ ಕರೆಯುವುದೂ ಉಂಟು, ನ್ಯಾಯ ಬೇಕು ಅನ್ನುವವರಿಗೆ ಪೇಪರೂ ಬೇಕಲ್ಲ. ಅಳುವವರ ಮುಖಕ್ಕಿಂತ ಗೋಡೆಗೆ ಆನಿಸಿದ ಬೆನ್ನು, ಮಡಿಲಲ್ಲಿ ಬಿದ್ದ ಕೈ, ಬಿಟ್ಟ ಚಪ್ಪಲಿಗಳ ಸಾಲು ಹೆಚ್ಚು ಹೇಳುತ್ತವೆ.

ಗುಂಪು ತಿರುಗಿಬಿದ್ದರೆ ಓಡಬಾರದು. ಓಡಿದವನನ್ನು ಎಲ್ಲರೂ ಅಟ್ಟಿಸಿಕೊಂಡು ಬರುತ್ತಾರೆ. ಕ್ಯಾಮೆರಾ ಎದೆಗಿಂತ ಕೆಳಗೆ ಇಳಿಸಿ, ತೆಗೆದದ್ದನ್ನು ತೋರಿಸಿ. ಡಿಲೀಟ್ ಮಾಡು ಅಂದು ಕೈ ಹಿಡಿದರೆ ಅವರ ಎದುರೇ ಮಾಡಿಬಿಡಿ; ಆ ಕಾರ್ಡಿಗೆ ಮತ್ತೊಂದು ಫ್ರೇಮೂ ಬರೆಯದೆ ತೆಗೆದಿಟ್ಟರೆ ರಿಕವರಿ ಸಾಫ್ಟ್‌ವೇರಿನಲ್ಲಿ ಬಹುತೇಕ ಮರಳಿ ಸಿಗುತ್ತದೆ. ಪೊಲೀಸರೇ ಕ್ಯಾಮೆರಾ ಒಯ್ಯುತ್ತೇವೆ ಅಂದರೆ ಜಗಳ ಬೇಡ, ಜಪ್ತಿ ಪಂಚನಾಮೆಯ ಪ್ರತಿ ಕೇಳಿ. ಕೇಳಿದ ಕೂಡಲೇ ಬಹಳಷ್ಟು ಸಲ ಕ್ಯಾಮೆರಾ ವಾಪಸ್ ಬರುತ್ತದೆ.

ಸತ್ತವರ ಭಾವಚಿತ್ರ ತರುವುದೂ ನಮ್ಮ ಪಾಲಿಗೆ ಬೀಳುತ್ತದೆ. ಲ್ಯಾಮಿನೇಟ್ ಆದ ಫೋಟೊವನ್ನು ಕಿಟಕಿಯ ಬೆಳಕಿಗೆ ಅಡ್ಡಲಾಗಿ ಇಟ್ಟು, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸಿ ತೆಗೆದರೆ ಹೊಳಪು ಬರುವುದಿಲ್ಲ. ಮೂಲ ಫೋಟೊ ಅಲ್ಲೇ, ಆಗಲೇ ವಾಪಸ್. ಮನೆಯ ಇಬ್ಬರಿಂದ ಬೇರೆ ಬೇರೆಯಾಗಿ ಇವರೇ ಹೌದಾ ಅಂತ ಕೇಳಬೇಕು. ಫೇಸ್‌ಬುಕ್ಕಿನಿಂದ ಎತ್ತಿದ ಫೋಟೊ ಅದೇ ಹೆಸರಿನ ಬದುಕಿರುವವರದ್ದಾಗಿದ್ದರೆ ಮರುದಿನದ ತಿದ್ದುಪಡಿಯಿಂದ ಏನೂ ಸರಿಯಾಗುವುದಿಲ್ಲ.

ಇನ್ನು ಗುರುತು ಮುಚ್ಚುವ ವಿಷಯ. ಇಲ್ಲಿ ತಪ್ಪಿದರೆ ಜೈಲು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ಫೋಟೊ ಅಷ್ಟೇ ಅಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ಹೊರಗೆ ಬಿಡಬಾರದು ಅನ್ನುತ್ತದೆ. ಅಂದರೆ ಓಣಿಯ ನಾಮಫಲಕ, ಮನೆಯ ಮುಂಭಾಗ, ಬೇಲಿಯ ಮೇಲೆ ಒಣಹಾಕಿದ ಯೂನಿಫಾರ್ಮ್, ಪಕ್ಕದ ಕಿರಾಣಿ ಅಂಗಡಿಯ ಬೋರ್ಡು ಯಾವುದೂ ಬರುವಂತಿಲ್ಲ. ಉಳಿದ ಸುದ್ದಿಯಲ್ಲಿ ಎಲ್ಲಿ ಆಯಿತು ಅಂತ ತೋರಿಸುವುದೇ ನಮ್ಮ ಕೆಲಸ. ಇಲ್ಲಿ ಅದನ್ನೇ ಮುಚ್ಚಬೇಕು. ನಾನು ಠಾಣೆಯ ಹೊರಗಿನ ಚಿತ್ರವೊಂದನ್ನೇ ಕೊಡುತ್ತೇನೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕರಿಗೂ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೇ ರಕ್ಷಣೆ ಕೊಡುತ್ತದೆ; ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅತ್ಯಾಚಾರ ಸಂತ್ರಸ್ತೆ ತೀರಿಹೋಗಿದ್ದರೂ ಹೆಸರು, ಚಿತ್ರ ಬರಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಮುಖ ಮಸುಕು ಮಾಡಿದ್ದೇವೆ ಅಂದುಕೊಂಡು ಕೆಡಿಸುವವರು ಬಹಳ. ಸಣ್ಣ ಚೌಕದ ಮೊಸಾಯಿಕ್ ಹಾಕಿದರೆ ಫೋನನ್ನು ಕೈಯಷ್ಟು ದೂರ ಹಿಡಿದಾಗ ಮುಖ ಮತ್ತೆ ಕಾಣುತ್ತದೆ. ಸೀರೆಯ ಅಂಚು, ಹಚ್ಚೆ, ಕೈಬಳೆ ನೋಡಿಯೇ ಓಣಿಯವರು ಗುರುತು ಹಿಡಿಯುತ್ತಾರೆ. ಕೆಲವು ಸಾಫ್ಟ್‌ವೇರ್ ಚಿತ್ರ ಕತ್ತರಿಸಿದ ಮೇಲೂ ಮೂಲದ ಪುಟ್ಟ ಪ್ರತಿಯನ್ನು ಫೈಲಿನೊಳಗೆ ಉಳಿಸಿಬಿಡುತ್ತದೆ. ಆದ್ದರಿಂದ ತೆಗೆಯುವಾಗಲೇ ಹಿಂದಿನ ಬೆಳಕಿಗೆ ಅಳೆದು ಕಪ್ಪು ಆಕೃತಿ ಮಾಡುತ್ತೇನೆ, ಅಥವಾ ಬರೀ ಪಾದ.

ಆರೋಪಿಗೆ ಮುಸುಕು ಹಾಕಿ ತಂದಾಗ "ಸಾಹೇಬ್ರ, ಒಂದ್ಸಲ ತೆಗಸ್ರಿ" ಅಂತ ಕೂಗುವ ಚಾಳಿ ನಮ್ಮವರಲ್ಲಿದೆ. ಗುರುತು ಪತ್ತೆ ಪರೇಡ್ ಬಾಕಿ ಇದ್ದರೆ ಆ ಮುಖ ಪೇಪರಿನಲ್ಲಿ ಬಂದ ದಿನವೇ ಪರೇಡಿನ ಬೆಲೆ ಹೋಯಿತು. ಸಾಕ್ಷಿ ಗುರುತಿಸಿದ್ದು ಆರೋಪಿಯನ್ನೋ ಫೋಟೊವನ್ನೋ ಅಂತ ವಕೀಲರು ಕೇಳುತ್ತಾರೆ. ತನಿಖಾಧಿಕಾರಿಯನ್ನು ಒಂದು ಮಾತು ಕೇಳಿದರೆ ಮುಗಿಯಿತು. ಜಪ್ತಿಯಾದ ಚಿನ್ನದ ಪ್ರದರ್ಶನ ಸುಲಭದ ಕೆಲಸ, ಮೇಲಿನ ಪ್ಲಾಸ್ಟಿಕ್ ಕವರಿನ ಹೊಳಪಿಗೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಸಾಕು. ಲೋಹದ ಹೊಳಪಿಗೆ ಅದು ನಾಟುವುದಿಲ್ಲ, ಫ್ಲ್ಯಾಶನ್ನು ಬಿಳಿ ಸೀಲಿಂಗಿಗೆ ತಿರುಗಿಸಬೇಕು.

ಕಳಿಸುವ ಹಂತ. ಹೊರಜಿಲ್ಲೆ ಆವೃತ್ತಿ ಮೊದಲು ಹೋಗುತ್ತದೆ, ನಗರದ್ದು ಕೊನೆಗೆ. ಹಾಗಾಗಿ ಸ್ಪಾಟಿನಿಂದಲೇ ಒಂದು ಅಡ್ಡ, ಒಂದು ಉದ್ದ, ಎರಡೇ ಚಿತ್ರ ಮೊದಲು. 20 ಸೆಂಟಿಮೀಟರ್ ಅಗಲಕ್ಕೆ 200 ಡಿಪಿಐ ಲೆಕ್ಕದಲ್ಲಿ 1,575 ಪಿಕ್ಸೆಲ್ ಸಾಕು. ಉದ್ದದ ಬದಿ 2,000 ಇಟ್ಟರೆ ಕತ್ತರಿಸಲು ಜಾಗ ಉಳಿಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಹೋದರೆ ಫೋನಿನ ಜಿಪಿಎಸ್ ಗುರುತೂ ಜೊತೆಗೆ ಹೋಗುತ್ತದೆ, ಮಕ್ಕಳ ಪ್ರಕರಣದಲ್ಲಿ ಅದನ್ನು ಮೊದಲೇ ತೆಗೆಯಬೇಕು. ಪರದೆಯ ಮೇಲೆ ಚೆಂದ ಕಾಣುವ ಕತ್ತಲೆ ಸುದ್ದಿ ಕಾಗದದಲ್ಲಿ ಮಸಿಯ ಮುದ್ದೆ. ಕಾಗದ ಶಾಯಿ ಹೀರಿ ಚುಕ್ಕಿ ಹರಡುತ್ತದೆ, ಒಟ್ಟು ಶಾಯಿ ಶೇ 240ಕ್ಕಿಂತ ಹೆಚ್ಚಾದರೆ ಹಿಂದಿನ ಪುಟಕ್ಕೂ ಅಂಟುತ್ತದೆ. ನೆರಳು ಎತ್ತಿ, ಒಟ್ಟಾರೆ ಅರ್ಧ ಸ್ಟಾಪ್ ತಿಳಿಯಾಗಿಸಿಯೇ ಕಳಿಸುತ್ತೇನೆ. ಏನನ್ನೂ ಅಳಿಸುವುದಿಲ್ಲ, ಸೇರಿಸುವುದಿಲ್ಲ.

ಚಿತ್ರಶೀರ್ಷಿಕೆಯಲ್ಲಿ ಸ್ಥಳ, ವಾರ, ಹೊತ್ತು, ಕಾಣುವ ಕ್ರಿಯೆ, ಠಾಣೆ. ತೀರ್ಪು ಬರುವವರೆಗೆ "ಆರೋಪಿ"ಯೇ, "ಅಪರಾಧಿ" ಅಲ್ಲ. ಹಿನ್ನೆಲೆಯಲ್ಲಿ ಸಂಬಂಧವಿಲ್ಲದ ಅಂಗಡಿಯ ಬೋರ್ಡು ದೊಡ್ಡದಾಗಿ ಬಂದಿದ್ದರೆ ಕತ್ತರಿಸುವುದು ಒಳ್ಳೆಯದು. ಇಲ್ಲದಿದ್ದರೆ ಬೆಳಗ್ಗೆ ಏಳಕ್ಕೇ ಫೋನು: "ನಮ್ಮ ಅಂಗಡಿ ಯಾಕ ಬಂತ್ರೀ ಇದರಾಗ?"

ಮೂಲ ಫೈಲುಗಳನ್ನು ಅದೇ ರಾತ್ರಿ ಎರಡು ಡಿಸ್ಕಿಗೆ ಹಾಕಿ, ಫೋಲ್ಡರಿಗೆ ದಿನಾಂಕ-ಠಾಣೆ-ಸ್ಥಳದ ಹೆಸರು ಕೊಡುತ್ತೇನೆ. ತಿದ್ದಿದ ಪ್ರತಿ ಬೇರೆ ಫೋಲ್ಡರಿಗೆ. ಠಾಣೆಯಿಂದ ಫೋಟೊ ಬೇಕೆಂದು ಬಾಯಿಮಾತಲ್ಲಿ ಕೇಳಿದರೆ ಸಂಪಾದಕರ ಕಡೆ ಕಳಿಸುತ್ತೇನೆ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ನಿನ ಲಿಖಿತ ನೋಟಿಸ್ ಬಂದರೆ ಕಚೇರಿ ಮೂಲಕವೇ ಹೋಗುತ್ತದೆ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕ್ಯಾಮೆರಾದ ಮಾಡೆಲ್, ಸೀರಿಯಲ್ ನಂಬರ್, ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಸಾಲು) ಬರೆಯಬೇಕಾಗುತ್ತದೆ. ಹ್ಯಾಶನ್ನು ಡಿಸ್ಕಿಗೆ ಹಾಕಿದ ದಿನವೇ ತೆಗೆದು ಅದೇ ಫೋಲ್ಡರಿನಲ್ಲಿ ಟೆಕ್ಸ್ಟ್ ಫೈಲಾಗಿ ಇಟ್ಟಿರುತ್ತೇನೆ. ಸಮನ್ಸ್ ಬರುವ ಹೊತ್ತಿಗೆ ಆ ಕ್ಯಾಮೆರಾ ಮಾರಿಹೋಗಿರಬಹುದಾದ್ದರಿಂದ ಸೀರಿಯಲ್ ನಂಬರೂ ಅದರಲ್ಲೇ ಇರುತ್ತದೆ.